ನೀಲಾಂಬಿಕೆ ಮ್ಯಾಲೆ ಕಾದಂಬರಿ: ಹೆಣ್ಣುಪಾತ್ರ ಎಲ್ಲಾ ಒಂದೇ ಅಚ್ಚಿನಾಗ ಬರ್ತಾವು, ಎಲ್ಲಿ ತಿದ್ದಬೇಕು?

ಕೃಷ್ಣಾದಂಡಿ (ಮುದ್ದೇಬಿಹಾಳ):

ಎಲ್ಲಾರಿಗೂ ಶರಣು. ಕಲ್ಯಾಣದ ಶರಣರ ಕಾಲದ ಮ್ಯಾಲೆ ಕಾದಂಬರಿ ಬರೀಲಿಕ್ಕತ್ತೀನಿ. ಬಸವಣ್ಣನವರ ಕತಿ ಮತ್ತೊಮ್ಮೆ ಹೇಳೋದಲ್ಲ, ಅವರ ಹೆಂಡತಿ ನೀಲಾಂಬಿಕೆ ಕಣ್ಣಿಗೆ ಕಲ್ಯಾಣ ಹ್ಯಾಂಗ ಕಂಡಿತ್ತು ಅನ್ನೋದು. ಕರಡು ಮುಗಿದದ. ಓದಿದವರು ಎಲ್ಲಾರೂ ಒಂದೇ ಮಾತು ಅಂತಾರ: ನೀಲಾಂಬಿಕೆ, ಗಂಗಾಂಬಿಕೆ, ಅಕ್ಕ ನಾಗಮ್ಮ, ಆಯ್ದಕ್ಕಿ ಲಕ್ಕಮ್ಮ, ಯಾರ ಮಾತು ಯಾರ ಬಾಯಾಗ ಹಾಕಿದ್ರೂ ನಡೀತದ. ಎಲ್ಲಾರೂ ಶಾಂತ, ಎಲ್ಲಾರ ಕೈಯಾಗೂ ಆರತಿ ತಟ್ಟಿ. ಪ್ಯಾಟ್ಯಾಗ ಸಿಗೋ ಇಂಥಾ ಪುಸ್ತಕ ತಗದು ನೋಡಿದ್ರ ಅಲ್ಲೂ ಇದೇ ಹಣೆಬರಹ: ಒಂದೋ ದೇವಿ, ಇಲ್ಲಾ ಸವತಿ, ಇಲ್ಲಾ ಅರಮನ್ಯಾಗ ಸಂಚು ಮಾಡಾಕಿ.

ಕೇಳೋದು ಇಷ್ಟು. ನೀಲಮ್ಮ–ಗಂಗಮ್ಮ ಇಬ್ಬರೂ ಬಸವಣ್ಣನವರ ಹೆಂಡಂದಿರು, ಅವರ ಸಂಬಂಧಕ್ಕ ಯಾವ ಆಕರ ಹಿಡೀಬೇಕು? ಇವರನ್ನ ಬ್ಯಾರೆ ಬ್ಯಾರೆ ಮನುಷ್ಯರಾಗಿ ಮಾಡೋದು ಹ್ಯಾಂಗ? ಚೆನ್ನಬಸವಣ್ಣನವರ ಹುಟ್ಟಿನ ಪ್ರಸಂಗ ಮುಟ್ಟಬಹುದೋ ಬ್ಯಾಡೋ? ಅಕ್ಕಮಹಾದೇವಿಗೆ ಒಂದು ಅಧ್ಯಾಯ ಇಟ್ಟೀನಿ, ಅದು ಬೇಕೇ?

ಓಲೆಗರಿ (ವಿಜಯಪುರ):

ಆಕರಗಳನ್ನು ಮೊದಲು ಕಾಲದ ಪ್ರಕಾರ ಸಾಲಾಗಿ ಇಟ್ಟುಕೊಳ್ಳಿ. ಹರಿಹರನ ರಗಳೆಗಳು 1200ರ ಆಸುಪಾಸಿನವು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ 13ನೇ ಶತಮಾನದ್ದು; ಭೀಮಕವಿಯ ಕನ್ನಡ ಬಸವಪುರಾಣ 1369ರದ್ದು. ಶೂನ್ಯಸಂಪಾದನೆಯ ಮೊದಲ ಸಂಕಲನ 15ನೇ ಶತಮಾನದ್ದು. ಸಿಂಗಿರಾಜನ ಪುರಾಣ 1500ರ ಹೊತ್ತಿಗೆ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ 1584ಕ್ಕೆ. ಶರಣರು ಊರು ಬಿಟ್ಟು ಚದುರಿದ ಕಲ್ಯಾಣದ ಗಲಭೆ ನಡೆದದ್ದು 1167–68ರಲ್ಲಿ ಎಂಬ ಲೆಕ್ಕ ಹಿಡಿದರೆ, ಕಾದಂಬರಿಕಾರರು ಹೆಚ್ಚು ನೆಚ್ಚುವ ಪುರಾಣಗಳು ಮೂರು ನಾಲ್ಕು ನೂರು ವರ್ಷ ಆಮೇಲಿನವು. ಶಾಸನವನ್ನೇ ನೋಡೋಣ ಎಂದರೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ್ದು 1260ರದ್ದು. ಅದರಲ್ಲಿ ಬಸವಣ್ಣನವರ ಊರು ಬಾಗೇವಾಡಿ ಇದೆ, ಅವರ ತಂದೆ ಮಾದಿರಾಜನ ಹೆಸರಿದೆ. ನೀಲಾಂಬಿಕೆಯೂ ಇಲ್ಲ, ಗಂಗಾಂಬಿಕೆಯೂ ಇಲ್ಲ.

ನೀಲಾಂಬಿಕೆ ಕಲ್ಯಾಣದ ದೊರೆ ಬಿಜ್ಜಳನ ಸಾಕುತಂಗಿ, ಗಂಗಾಂಬಿಕೆ ಬಸವಣ್ಣನವರ ಸೋದರಮಾವ ಬಲದೇವನ ಮಗಳು ಎಂಬುದು ಪುರಾಣ ಪರಂಪರೆ. ಜನಪ್ರಿಯ ಕಾದಂಬರಿಗೆ ಇದು ಸಿಕ್ಕಿದ್ದೇ ತಡ, ಅರಮನೆಯ ಹೆಣ್ಣು ಒಂದು ಕಡೆ, ಮಾವನ ಮಗಳು ಇನ್ನೊಂದು ಕಡೆ, ನಡುವೆ ಬಸವಣ್ಣ. ಸವತಿ ಮತ್ಸರದ ನಾಟಕ ಸಿದ್ಧ. ಅದಕ್ಕೆ ಹೆದರಿದವರು ಇಬ್ಬರನ್ನೂ ಒಡಹುಟ್ಟಿದವರಂತೆ ನಗಿಸುತ್ತ ಕೂರಿಸುತ್ತಾರೆ. ಎರಡೂ ಬೇಡ, ಗಂಗಾಂಬಿಕೆಯ ವಚನವನ್ನೇ ಓದಿ. ಆಕೆಯ ಅಂಕಿತ, ಅಂದರೆ ವಚನದ ಕೊನೆಗೆ ಬರುವ ಗುರುತಿನ ಹೆಸರು, ‘ಗಂಗಾಪ್ರಿಯ ಕೂಡಲಸಂಗಮದೇವ’. ಒಂದು ವಚನದಲ್ಲಿ ಆಕೆ, ‘ಅವಳ ಕಂದ ಬಾಲಸಂಗ, ನಿನ್ನ ಕಂದ ಚೆನ್ನಲಿಂಗ’ ಎಂದು ಒಡೆಯರು ಹೇಳಿದ್ದನ್ನು ನೆನೆದು, ತನಗೆ ಫಲವೂ ಇಲ್ಲ ಕಂದನೂ ಇಲ್ಲ ಎಂದು ದುಃಖ ತೋಡಿಕೊಳ್ಳುತ್ತಾಳೆ. ಇದರಲ್ಲಿ ವಿಷ ಹಾಕುವ ಸವತಿಯೂ ಇಲ್ಲ, ನಗುವ ಗೊಂಬೆಯೂ ಇಲ್ಲ. ಸಮಾಧಾನ ಹೇಳಿದವರ ಮಾತು ಸಮಾಧಾನ ಕೊಡಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಹೆಣ್ಣು ಇದ್ದಾಳೆ. ಒಂದು ಅಧ್ಯಾಯಕ್ಕೆ ಇಷ್ಟು ಸಾಕು.

ನೀಲಾಂಬಿಕೆಯ ವಚನಗಳು ಇದಕ್ಕಿಂತ ಬಹಳ ಹೆಚ್ಚಿವೆ, ಅಂಕಿತ ‘ಸಂಗಯ್ಯ’. ಅವುಗಳ ಧಾಟಿಯೇ ಬೇರೆ: ಬಸವನಿಲ್ಲದ ಬಯಲು, ತಾನು ಹೆಣ್ಣೆಂಬುದು ಅಳಿದುಹೋದ ನಿಲುವು, ಸುತ್ತಿ ಸುತ್ತಿ ಅದೇ ಮಾತು. ಗಂಗಮ್ಮ ನೆಲಕ್ಕೆ ಕಾಲೂರಿ ಮಾತಾಡಿದರೆ ನೀಲಮ್ಮ ಎಲ್ಲವನ್ನೂ ಕಳಚುತ್ತ ಹೋಗುತ್ತಾಳೆ. ಇಬ್ಬರ ದನಿ ಬೇರೆ ಮಾಡಲು ನೀವು ಹೊಸದೇನೂ ಹುಟ್ಟಿಸಬೇಕಿಲ್ಲ.

ಸರ್ಕಾರದ ಸಮಗ್ರ ವಚನ ಸಂಪುಟಗಳಲ್ಲಿ 5ನೆಯದು ಶಿವಶರಣೆಯರದು, ವೀರಣ್ಣ ರಾಜೂರರ ಸಂಪಾದನೆ. ಅದನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ. ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಯಾವ ಯಾವ ವಚನಕಾರರು ಅದನ್ನು ಬಳಸಿದ್ದಾರೆ ಎಂದು ತೋರಿಸುತ್ತದೆ. ಒಬ್ಬೊಬ್ಬ ಶರಣೆ ಮತ್ತೆ ಮತ್ತೆ ತರುವ ಹತ್ತು ಹದಿನೈದು ಪದಗಳ ಪಟ್ಟಿ ಮಾಡಿ, ಆಕೆಯ ಸಂಭಾಷಣೆ ಆ ಪದಗಳ ಸುತ್ತ ಇರಲಿ. ಆದರೆ ವಚನವನ್ನು ದಿನಚರಿಯಂತೆ ಓದಬೇಡಿ. ನಮ್ಮ ಕೈಗೆ ಬಂದ ಓಲೆಕಟ್ಟುಗಳು ಬಹುಪಾಲು ಆಮೇಲೆ ನಕಲಾದವು. ‘ಈ ವಚನ ಇಂಥ ದಿನ, ಇಂಥ ಜಗಳದ ಮೇಲೆ ಹೇಳಿದ್ದು’ ಎಂದು ಕಾದಂಬರಿ ಹೇಳಿದರೆ ಅದು ನಿಮ್ಮ ಕಲ್ಪನೆ. ಕಲ್ಪನೆ ತಪ್ಪಲ್ಲ, ನಿಮಗೆ ಗೊತ್ತಿರಬೇಕು ಅಷ್ಟೇ. ಕರಡಿನ ಅಂಚಿನಲ್ಲಿ ಪ್ರತಿ ಪ್ರಸಂಗಕ್ಕೂ ಗುರುತು ಹಾಕಿ: ವ ಎಂದರೆ ವಚನ, ಹ ಎಂದರೆ ಹರಿಹರ, ಪು ಎಂದರೆ ಪುರಾಣ, ಕ ಎಂದರೆ ಕಲ್ಪನೆ. ಹೆಣ್ಣುಪಾತ್ರಗಳ ಪುಟಗಳಲ್ಲಿ ಪು ಮಾತ್ರ ತುಂಬಿದ್ದರೆ ಎಲ್ಲರೂ ಒಂದೇ ಅಚ್ಚಿನಲ್ಲಿ ಬರುವುದು ಅದಕ್ಕೇ.

ಅಕ್ಕಮಹಾದೇವಿಯ ಅಧ್ಯಾಯ ಬೇಕೇ ಎಂದು ಕೇಳಿದ್ದೀರಿ. ಇಟ್ಟರೆ ಒಂದು ಪರಂಪರೆ ಆರಿಸಿ. ಹರಿಹರನಲ್ಲಿ ಆಕೆ ಮೂರು ಷರತ್ತು ಹಾಕಿ ದೊರೆ ಕೌಶಿಕನನ್ನು ಮದುವೆಯಾಗುತ್ತಾಳೆ, ಅವು ಮುರಿದಾಗ ಹೊರಡುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ಇಲ್ಲ. ಎರಡನ್ನೂ ಕಲಸಿದವರ ಪುಸ್ತಕದಲ್ಲಿ ಆಕೆ ಮೂರನೇ ಅಧ್ಯಾಯದಲ್ಲಿ ಅರಮನೆಯ ರಾಣಿ, ಒಂಬತ್ತರಲ್ಲಿ ಕನ್ಯೆ. ಅಲ್ಲಮನ ಪ್ರೇಯಸಿಗೂ ಇದೇ ಪಾಡು: ಹರಿಹರನಲ್ಲಿ ಕಮಲತೆ ಎಂಬ ಮನುಷ್ಯಳು, ಸಾಯುತ್ತಾಳೆ, ಅಲ್ಲಮ ಅಳುತ್ತಾನೆ, ಚಾಮರಸನಲ್ಲಿ ಆಕೆಯ ಜಾಗದಲ್ಲಿ ಮಾಯೆ ಬಂದು ನಿಂತಿದ್ದಾಳೆ. ಎರಡು ನೂರು ವರ್ಷದಲ್ಲಿ ಹೆಂಡತಿ ಮೋಹಿನಿಯಾದಳು. ಇನ್ನೊಂದು, ಕೌಶಿಕನ ಕಾಮಕ್ಕೆ ಅವನ ಜೈನಮತವೇ ಕಾರಣ ಎಂಬಂತೆ ಬರೆಯುವ ಚಾಳಿ ಇದೆ, ಬಿಡಿ. ಜೈನರ ಬಾಳು ಅದಷ್ಟೇ ಅಲ್ಲ: 1204ರಲ್ಲಿ ಬೆಳಗಾವಿಯ ಕಮಲ ಬಸದಿ ಎದ್ದದ್ದು ಇದೇ ನೆಲದಲ್ಲಿ, ಇದೇ ಕಾಲದ ಅಂಚಿನಲ್ಲಿ.

ಕೆಂಪುಶಾಯಿ (ಬೆಳಗಾವಿ):

ಆಕರದ ಮಾತು ಮುಗೀತು, ನಾನು ಕರಡಿನ ಮಾತಷ್ಟೇ ಹೇಳ್ತೀನಿ.

ಕ್ರಿಯಾಪದಗಳಿಂದ ಶುರು ಮಾಡ್ರಿ. ಯಾವುದಾದರೂ ಹತ್ತು ಪುಟ ತಗೊಂಡು ನೀಲಮ್ಮ ಕರ್ತೃವಾಗಿರೋ ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೀರಿ. ತಲೆಬಾಗಿದಳು, ನಾಚಿದಳು, ಕಣ್ಣೊರೆಸಿಕೊಂಡಳು, ಬೆರಗಾಗಿ ನೋಡಿದಳು, ಕೈಮುಗಿದಳು: ಇವೇ ಅರ್ಧಕ್ಕಿಂತ ಹೆಚ್ಚಿದ್ದರ ಆಕಿ ಕಥಿಯೊಳಗಿಲ್ಲ, ಪ್ರೇಕ್ಷಕರ ಸಾಲಿನಾಗ ಕುಂತಾಳ. ಎಣಿಸಿದಳು, ನಿರಾಕರಿಸಿದಳು, ಕಳಿಸಿದಳು, ಬೈದಳು, ಮುಚ್ಚಿಟ್ಟಳು, ಸುಳ್ಳು ಹೇಳಿದಳು ಇಂಥವು ಬರಬೇಕು. ಪವಿತ್ರ ಪಾತ್ರದ ಬಾಯಾಗ ಸುಳ್ಳು ಹ್ಯಾಂಗ ಹಾಕೋದು ಅಂತ ಅಂಜಬ್ಯಾಡ್ರಿ, ಬಿಜ್ಜಳನ ಸೈನಿಕರು ಬಾಗಿಲಿಗೆ ಬಂದಾಗ ಸುಳ್ಳು ಹೇಳದಾಕಿ ಒಳಗಿದ್ದವರ ಜೀವಾ ಹ್ಯಾಂಗ ಉಳಿಸ್ತಾಳ?

ಮೊದಲ ಪ್ರವೇಶ ನೋಡ್ರಿ. ಗಂಡಸು ಬಂದಾಗ ಮಾತು ಇಲ್ಲಾ ಕೆಲಸದಿಂದ ಬರ್ತಾನ, ಹೆಣ್ಣು ಬಂದಾಗ ಜಡೆ, ಮಲ್ಲಿಗಿ, ಕಮಲದ ಕಣ್ಣು, ಆಮ್ಯಾಲೆ ಮಾತು. ವರ್ಣನೆ ಪೂರ್ತಿ ತಗೀರಿ ಅಂತಲ್ಲ. ಅದು ಯಾರ ಕಣ್ಣಿಗೆ ಕಂಡದ್ದು ಅಂತ ಸ್ಪಷ್ಟ ಇರಲಿ. ನಿಮ್ಮ ಕಾದಂಬರಿ ನೀಲಮ್ಮನ ಕಣ್ಣಿಂದ ಅಂದಮ್ಯಾಲೆ, ನೀಲಮ್ಮ ತನ್ನ ಕಣ್ಣನ್ನ ತಾನೇ ಕಮಲ ಅನ್ನೋದಿಲ್ಲ ಹೌದಲ್ಲೋ?

ಇನ್ನ ಬಹಳ ಮಂದಿ ಗಮನಿಸದ ಸಂಗತಿ, ನಿರೂಪಣೆಯ ಬಹುವಚನ. ‘ಬಸವಣ್ಣನವರು ನುಡಿದರು, ಪ್ರಭುಗಳು ನಕ್ಕರು, ಚೆನ್ನಬಸವಣ್ಣನವರು ಎದ್ದರು’, ಅದೇ ಪುಟದಾಗ ‘ನಾಗಮ್ಮ ಅತ್ತಳು’. ನಾಗಮ್ಮ ಬಸವಣ್ಣನವರಿಗೆ ಅಕ್ಕ, ಚೆನ್ನಬಸವಣ್ಣನವರಿಗೆ ಹಡದವ್ವ! ಮಗನಿಗೆ ‘ಅವರು’, ತಾಯಿಗೆ ‘ಅವಳು’. ಓದುಗರ ಮನಸ್ಸಿನಾಗ ಯಾರು ದೊಡ್ಡವರು ಅನ್ನೋದು ಇಲ್ಲೇ ತೀರ್ಮಾನ ಆಗಿಹೋಗ್ತದ, ಆಮ್ಯಾಲೆ ನೀವು ಸಮಾನತೆ ಬಗ್ಗೆ ನಾಲ್ಕು ಪುಟ ಭಾಷಣ ಬರೆದ್ರೂ ಉಪಯೋಗಿಲ್ಲ. ಎರಡು ದಾರಿ ಅದಾವ: ನಿರೂಪಣೆಯೊಳಗ ಎಲ್ಲಾರಿಗೂ ಬಹುವಚನ, ಇಲ್ಲಾ ಎಲ್ಲಾರಿಗೂ ಏಕವಚನ. ಎರಡನೇದು ಬಿಗಿಯಾಗಿ ಬರ್ತದ, ಆದರ ಬಸವಣ್ಣನವರಿಗೆ ಏಕವಚನ ಹಾಕಿದ್ರ ನಮ್ಮ ಕಡೆ ಓದುಗರು ಪುಸ್ತಕ ಮುಚ್ಚಿಡೋದೂ ಉಂಟು. ಹಂಗಾಗಿ ಮೊದಲನೇದು ಸುರಕ್ಷಿತ. ಸಂಭಾಷಣೆ ಮಾತ್ರ ಸಂಬಂಧದ ಪ್ರಕಾರ ನಡೀಲಿ. ನಾಗಮ್ಮ ತಮ್ಮನಿಗೆ ‘ನೀನು’ ಅಂತಾಳ, ‘ತಾವು’ ಅನ್ನಿಸಬ್ಯಾಡ್ರಿ. ನೀಲಮ್ಮ ಗಂಡನ ಹೆಸರು ಹೇಳದೇ ‘ಅವರು, ಅವರು’ ಅನ್ನೋಹಂಗ ಬರದಿದ್ರ ಅದೂ ತಗೀರಿ, ಆಕಿ ವಚನದಾಗ ಬಸವ ಅನ್ನೋ ಹೆಸರು ಸಾಲುಸಾಲಿಗೆ ಬರ್ತದ.

ಇದರ ವಿರುದ್ಧದ ರೋಗನೂ ಅದ. ಅಕ್ಕಮಹಾದೇವಿ ಬಾಯಾಗ ಈಗಿನ ಸೆಮಿನಾರಿನ ಭಾಷಣ. ‘ಪುರುಷಪ್ರಧಾನ ವ್ಯವಸ್ಥೆ’ ಅನ್ನೋ ಪದ ಅನುಭವ ಮಂಟಪದಾಗ ಕೇಳಿಸಿದ್ರ ಅಲ್ಲಿಗೆ ಕಾಲ ಮುರೀತು. ಅಕ್ಕ–ಅಲ್ಲಮರ ಸಂವಾದ ಶೂನ್ಯಸಂಪಾದನೆಯೊಳಗ ಈಗಾಗಲೇ ಖಾರ ಅದ. ಅದನ್ನೂ ನ್ಯಾಯಾಲಯದ ದಾಖಲೆ ಇದ್ದಂಗ ಇಳಿಸಬ್ಯಾಡ್ರಿ, ವಚನಗಳನ್ನ ಆಮ್ಯಾಲಿನವರು ಸಂವಾದವಾಗಿ ಹೆಣೆದದ್ದು ಅದು.

ಒಲೀಮುಂದ (ಬಾಗಲಕೋಟೆ):

ಇಬ್ಬರೂ ಛಲೋ ಹೇಳ್ಯಾರ. ನನ್ನ ತಕರಾರು ಬ್ಯಾರೆ. ಈ ಕಾದಂಬರಿಗಳೊಳಗ ಹೆಣ್ಣುಮಕ್ಕಳ ಕೈ ಖಾಲಿ ಇರ್ತಾವು. ದಾಸೋಹ, ದಾಸೋಹ ಅಂತ ನೂರು ಸಲ ಬರ್ತದ, ಹಿಟ್ಟು ಬೀಸಿದವರು ಯಾರು?

ಲೆಕ್ಕ ಹಾಕ್ರಿ. ಒಂದು ಜ್ವಾಳದ ರೊಟ್ಟಿಗೆ 80ರಿಂದ 100 ಗ್ರಾಂ ಹಿಟ್ಟು. ಸಾವಿರ ಮಂದಿ, ತಲಿಗೆ ಎರಡು ರೊಟ್ಟಿ ಅಂದ್ರ 160ರಿಂದ 200 ಕಿಲೋ ಹಿಟ್ಟು, ಒಂದು ಹೊತ್ತಿಗೆ. ಗಿರಣಿ ಇಲ್ಲ, ಬೀಸುಕಲ್ಲು ಅಷ್ಟೇ. ಜ್ವಾಳದ ಹಿಟ್ಟು ಹಳೇದಾದ್ರ ಜಿಗಿ ಹೋಗ್ತದ, ತಟ್ಟುವಾಗ ಅಂಚು ಸೀಳತಾವು, ಹಂಗಾಗಿ ವಾರದ್ದು ಒಮ್ಮೆಲೇ ಬೀಸಿ ಇಡಾಕ ಬರೂದಿಲ್ಲ. ಅಂದ್ರ ಬೆಳ್ಳಿಚುಕ್ಕಿ ಮೂಡೂ ಹೊತ್ತಿಗೆ ಹತ್ತಾರು ಬೀಸುಕಲ್ಲು ತಿರಗತಿರಬೇಕು. ಪುರಾಣದಾಗ ದಿನಕ್ಕ 1,96,000 ಜಂಗಮರು ಅಂತ ಬರ್ತದ. ಅದೇ ಲೆಕ್ಕ ಹಿಡಿದ್ರ ಹೊತ್ತಿಗೆ 35 ಟನ್ ಹಿಟ್ಟು! ಭಕ್ತಿಯಿಂದ ಹೇಳೋ ಸಂಖ್ಯೆ ಭಕ್ತಿಗೆ ಇರಲಿ, ನಿಮ್ಮ ನೀಲಮ್ಮನಿಗೆ ಸಾವಿರ ಸಾಕು, ಆಕಿ ಅಷ್ಟಕ್ಕ ಸುಸ್ತಾಗ್ತಾಳ. ಜ್ವಾಳ ಎಷ್ಟು ಬಂತು, ಎಷ್ಟು ಉಳೀತು, ಭಂಡಾರದ ಹೊನ್ನು ಮುಟ್ಟಬೇಕೋ ಬ್ಯಾಡೋ, ಯಾವ ಮನಿಯಾಕಿ ಇವತ್ತು ಬೀಸಾಕ ಬರಲಿಲ್ಲ ಮತ್ತು ಯಾಕ: ನೀಲಮ್ಮನಿಗೆ ಅಧಿಕಾರ ಕೊಡಬೇಕಂದ್ರ ಇಲ್ಲಿ ಕೊಡ್ರಿ. ಬಿಜ್ಜಳನ ಭಂಡಾರದ ರೊಕ್ಕ ದಾಸೋಹಕ್ಕ ಹೋಯ್ತು ಅನ್ನೋ ಚಾಡಿ ಕತಿಯೊಳಗ ಹ್ಯಾಂಗೂ ಬರ್ತದ. ಖರ್ಚಿನ ಲೆಕ್ಕ ಬಲ್ಲಾಕಿ ಆಕಿ ಇದ್ರ ಆ ಪ್ರಸಂಗದಾಗ ಆಕಿನ್ನ ಬಿಡಾಕ ಬರೂದಿಲ್ಲ.

ಅಡಗಿ ಬರೆಯುವಾಗ ಮೆಣಸಿನಕಾಯಿ, ಶೇಂಗಾ, ಬಟಾಟಿ, ಟೊಮ್ಯಾಟೊ, ಗೊಂಜಾಳ ಯಾವುದೂ ಬರಬಾರದು, ಎಲ್ಲಾ ಪೋರ್ತುಗೀಜರು ಬಂದ ಮ್ಯಾಲಿನವು. ಶೇಂಗಾ ಹಿಂಡಿ ಬಡಿಸೋ ನೀಲಮ್ಮ ಅಚ್ಚಿನಾಗ ಬಂದ್ರ ನಗೆಪಾಟಲು. ಎಳ್ಳು, ಗುರೆಳ್ಳು, ಅಗಸಿ, ಕರಿಮೆಣಸು, ಹಸಿಶುಂಠಿ, ಹುಣಸಿ, ತೊಗರಿ, ಹೆಸರು, ಮಜ್ಜಿಗಿ, ಬೆಲ್ಲ, ಇಷ್ಟರಾಗ ಊಟ ಆಗ್ತದ.

ಕಾಯಕದ ಹೆಣ್ಣುಮಕ್ಕಳನ್ನ ಹೆಸರು ಹೇಳಿ ದಾಟಿಸಬ್ಯಾಡ್ರಿ. ಕದಿರ ರೆಮ್ಮವ್ವೆಯ ವಚನದಾಗ ರಾಟಿ ಬಿಚ್ಚಿ ಇಟ್ಟಂಗ ಅದ: ಅಡಿಯ ಹಲಗಿ, ತೋರಣ, ಬೊಂಬಿ, ಸೂತ್ರಕರ್ಣ, ಕದಿರು, ನೂಲು. ಒಂದೊಂದಕ್ಕೂ ಒಂದೊಂದು ದೇವರು, ತತ್ವ. ಕಡೀಕ ‘ಎನ್ನ ಗಂಡ ಕುಟ್ಟಿಹ’ ಅಂತ ಬರ್ತದ. ಪಂಡಿತರು ಅದಕ್ಕ ಒಳಾರ್ಥ ಹೇಳ್ತಾರ, ಹೇಳ್ಲಿ. ಕಾದಂಬರಿಕಾರಗ ಹೊರಗಿನ ಅರ್ಥನೂ ಬೇಕು. ನೂತ ಕೈ, ಏಟಿನ ಅಂಜಿಕಿ, ತತ್ವ ಮೂರೂ ಒಬ್ಬಾಕಿ ಒಳಗ ಅದಾವ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಹೆಚ್ಚಿಗಿ ಅಕ್ಕಿ ತಂದಾಗ ‘ಈಸಕ್ಕಿಯಾಸೆ ನಿಮಗೇಕೆ’ ಅಂದು ವಾಪಸ್ ಸುರುವಿ ಬಾ ಅಂತ ಕಳಸ್ತಾಳ. ಆಕಿನ್ನ ಮೆತ್ತಗ ಮಾತಾಡಸಬ್ಯಾಡ್ರಿ, ಆಕಿ ಧ್ವನಿ ಖಡಕ್. ಸೂಳೆ ಸಂಕವ್ವೆಯದು ಸಿಕ್ಕದ್ದು ಒಂದೇ ವಚನ, ಒಬ್ಬರ ಒತ್ತೆ (ಮುಂಗಡ ರೊಕ್ಕ) ಹಿಡಿದ ಮ್ಯಾಲೆ ಮತ್ತೊಂದು ಒತ್ತೆ ಹಿಡಿಯೂದಿಲ್ಲ ಅನ್ನೋ ವೃತ್ತಿಯ ಕರಾರು. ಕಾದಂಬರಿಗಳು ಆಕಿನ್ನ ಅಳಿಸಿ, ಪಶ್ಚಾತ್ತಾಪ ಮಾಡಿಸಿ, ಯಾರದೋ ಕಾಲಿಗೆ ಬೀಳಿಸ್ತಾವು. ವಚನದಾಗ ಅಂಥಾದ್ದೇನೂ ಇಲ್ಲ.

ಇನ್ನ ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸ ಇವರ ಮಕ್ಕಳ ಮದುವಿ, ಕಲ್ಯಾಣದ ಗಲಭೆಗೆ ಕಾರಣ ಅನ್ನೋದು. ನಾಟಕ, ಕಾದಂಬರಿ ಎಲ್ಲಾ ಅದರ ಸುತ್ತ ತಿರಗತಾವು, ಮದುಮಗಳ ಬಾಯಿಗೆ ಒಂದು ಮಾತು ಇರೂದಿಲ್ಲ. ಹೆಸರು ಸೈತ ಒಂದೊಂದು ಕಡೆ ಒಂದೊಂದು, ಲಾವಣ್ಯ ಅಂತಾರ, ಕಲಾವತಿ ಅಂತಾರ. ಆಕಿಗೆ ಒಪ್ಪಿಗಿ ಇತ್ತೋ ಇಲ್ಲೋ ಯಾರೂ ಕೇಳಿಲ್ಲ. ನೀವು ಕೇಳ್ರಿ.

ಕಲಂ_ಕಾನೂನು (ಬೆಳಗಾವಿ):

ಚೆನ್ನಬಸವಣ್ಣನವರ ಹುಟ್ಟಿನ ವಿಷಯಕ್ಕೆ ಉತ್ತರ. ಪುರಾಣಗಳು ಅಕ್ಕ ನಾಗಮ್ಮನವರು ಪ್ರಸಾದದಿಂದ ಗರ್ಭ ಧರಿಸಿದರು ಎನ್ನುತ್ತವೆ. ಶಿವಸ್ವಾಮಿಗಳು ಪತಿ ಎಂಬ ಪರಂಪರೆಯೂ ಇದೆ. ಈ ಪ್ರಸಂಗವನ್ನು ಬೇರೆ ರೀತಿ ಕಲ್ಪಿಸಿದ ಒಂದು ಪ್ರಶಸ್ತಿ ಪಡೆದ ಕಾದಂಬರಿಯನ್ನು ರಾಜ್ಯ ಸರ್ಕಾರ 1997ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ ಪ್ರಕಾರ ಮುಟ್ಟುಗೋಲು ಹಾಕಿಕೊಂಡಿತು. ಹೈಕೋರ್ಟ್ ಆದೇಶ ಎತ್ತಿಹಿಡಿಯಿತು, 2007ರಲ್ಲಿ ಸುಪ್ರೀಂ ಕೋರ್ಟ್ ಕೂಡ. ಹಳೆಯ ಸಂಹಿತೆ ಹೋಯಿತು ಎಂದು ನಿಶ್ಚಿಂತರಾಗಬೇಡಿ, ಅದೇ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂನಲ್ಲಿದೆ. ಆದೇಶ ಗೆಜೆಟ್‌ನಲ್ಲಿ ಬಂದ ದಿನದಿಂದ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು.

‘ಇದು ಕಾಲ್ಪನಿಕ’ ಎಂದು ಮೊದಲ ಪುಟದಲ್ಲಿ ಒಂದು ಸಾಲು ಹಾಕಿದರೆ ಕಾಪಾಡುತ್ತದೆ ಎಂದು ಬಹಳ ಲೇಖಕರು ನಂಬಿದ್ದಾರೆ. ಪೂಜಿಸುವ ಹೆಸರುಗಳನ್ನೇ ಇಟ್ಟುಕೊಂಡು ಬರೆದಾಗ ಆ ಸಾಲಿಗೆ ಹೆಚ್ಚು ಬಲವಿಲ್ಲ.

ಬರೆಯಲೇಬಾರದೇ? ನನ್ನ ಅಭಿಪ್ರಾಯದಲ್ಲಿ, ‘ತಂದೆ ಯಾರು’ ಎಂಬ ಪತ್ತೇದಾರಿಯೇ ನಾಗಮ್ಮನವರಿಗೆ ಮಾಡುವ ಅನ್ಯಾಯ. ವಿರೋಧಿಸಿದವರೂ ಬೆಂಬಲಿಸಿದವರೂ ಅವರನ್ನು ಒಂದು ಗರ್ಭಕ್ಕೆ ಇಳಿಸಿಬಿಟ್ಟರು. ಕಲ್ಯಾಣದ ಗಲಭೆ ಆದ ಮೇಲೆ ಶರಣರ ಗುಂಪನ್ನು ಕರೆದುಕೊಂಡು ಹೊರಟವರಲ್ಲಿ ಅವರಿದ್ದರು ಎಂಬುದು ಪರಂಪರೆ, ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಅಂಕಿತದ ವಚನಗಳಿವೆ. ನಡುವಯಸ್ಸು ದಾಟಿದ ಹೆಂಗಸೊಬ್ಬಳು ಓಲೆಕಟ್ಟು, ಮಕ್ಕಳು, ಗಾಯಾಳುಗಳ ಜೊತೆ ಮಲೆನಾಡಿನತ್ತ ದಾರಿ ಹುಡುಕುವ ಅಧ್ಯಾಯ ಬರೆದರೆ ಯಾವ ಕಲಮೂ ಅಡ್ಡ ಬರುವುದಿಲ್ಲ.

ಕೃಷ್ಣಾದಂಡಿ (ಮುದ್ದೇಬಿಹಾಳ):

ಎಲ್ಲಾರಿಗೂ ಶರಣ್ರಿ. ಮದುಮಗಳ ಮಾತು ಕೇಳಿ ಕರಡು ಅರ್ಧ ಒಡೀಬೇಕಾಗ್ತದ ಅನಸ್ತು. ಇನ್ನೊಂದೇ ಪ್ರಶ್ನೆ. ಕಡೇ ಅಧ್ಯಾಯ ಕೃಷ್ಣಾ ದಂಡಿ ಮ್ಯಾಲಿನ ತಂಗಡಗಿ. ಬಸವಣ್ಣನವರ ಆಪ್ತ ಹಡಪದ ಅಪ್ಪಣ್ಣನವರ ಕೂಡ ನೀಲಮ್ಮ ಕಲ್ಯಾಣದಿಂದ ಬರ್ತಾಳ, ಬಸವಣ್ಣನವರು ಕೂಡಲಸಂಗಮದಾಗ ಐಕ್ಯ ಆದ ಸುದ್ದಿ ಕೇಳಿ ಅಲ್ಲೇ ಪ್ರಾಣ ಬಿಡ್ತಾಳ ಅಂತ ಬರದೀನಿ. ಓದಿದವರು ಸಿನಿಮಾ ಆತು ಅಂದ್ರು.

ಓಲೆಗರಿ (ವಿಜಯಪುರ):

ಸಿನಿಮಾ ಆಗಲು ಕಾರಣ, ನೀವು ಅದನ್ನು ಸಹಗಮನ ಮಾಡಿದ್ದೀರಿ. ಪರಂಪರೆಯಲ್ಲಿ ಆಕೆಗೆ ಬರುವುದು ಸಾವಿನ ಸುದ್ದಿ ಮಾತ್ರವಲ್ಲ, ಕರೆ. ಬಸವಣ್ಣನವರು ಅಪ್ಪಣ್ಣನನ್ನು ಕಳಿಸಿ ಸಂಗಮಕ್ಕೆ ಬಾ ಎಂದರು. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಆಕೆ ಇಷ್ಟಲಿಂಗದಲ್ಲೇ ನಿಂತಳು. ಗಂಡ ಕರೆದಾಗ ಹೋಗದೆ ನಿಂತ ಹೆಣ್ಣನ್ನು, ಗಂಡ ಹೋದನೆಂದು ಸತ್ತ ಹೆಣ್ಣಾಗಿ ತಿರುಗಿಸುವುದು ಜನಪ್ರಿಯ ಬರವಣಿಗೆಯ ಹಳೆಯ ಚಟ.

ನಕ್ಷೆ ತೆಗೆಯಿರಿ. ಕಲ್ಯಾಣದಿಂದ ತಂಗಡಗಿಗೆ ನೇರ ಗೆರೆ ಎಳೆದರೇ ಸುಮಾರು 200 ಕಿ.ಮೀ., ಕಾಲುದಾರಿ ಇನ್ನೂ ಹೆಚ್ಚು. ದಿನಕ್ಕೆ 20 ಕಿ.ಮೀ. ನಡೆದರೂ ಹತ್ತು ಹನ್ನೆರಡು ದಿನ. ನಿಮ್ಮ ಕರಡಿನಲ್ಲಿ ಈ ನಡಿಗೆಗೆ ಎಷ್ಟು ಪುಟ ಇದೆ? ಅಷ್ಟು ದಿನ ನಡೆದು ಬಂದವಳಿಗೆ ಉಳಿದದ್ದು ಹೊಳೆ ದಾಟುವುದೊಂದೇ: ತಂಗಡಗಿ ಕೃಷ್ಣೆಯ ಈ ದಂಡೆಗೆ, ಕೂಡಲಸಂಗಮ ಆ ದಂಡೆಗೆ. ಅಲ್ಲಿ ನಿಲ್ಲುತ್ತಾಳೆ ಎಂದರೆ ಅದು ಬಳಲಿಕೆಯಲ್ಲ, ತೀರ್ಮಾನ. ಆ ತೀರ್ಮಾನವನ್ನು ದಾರಿಯ ಹತ್ತು ದಿನಗಳಲ್ಲಿ ಕಟ್ಟುತ್ತ ಬನ್ನಿ, ಕೊನೆಯ ಪುಟಕ್ಕೆ ಕಣ್ಣೀರು ಬೇಕಾಗುವುದಿಲ್ಲ.

ಈಗ ಕಾಣುವ ವಿಶಾಲ ನೀರನ್ನು ಬರೆಯಬೇಡಿ, ಅದು 1982ರಲ್ಲಿ ಮುಗಿದ ನಾರಾಯಣಪುರ ಜಲಾಶಯದ ಹಿನ್ನೀರು. ಆಗಿನ ಕೃಷ್ಣೆ ಬೇಸಿಗೆಯಲ್ಲಿ ಮರಳು, ಬಂಡೆ, ನಡುವೆ ಸಣ್ಣ ಹರಿವು. ಮಳೆಗಾಲದಲ್ಲಿ ಹರಿಗೋಲಿಲ್ಲದೆ ದಾಟುವಂತಿಲ್ಲ. ಯಾವ ಋತು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮಳೆಗಾಲ ಇಟ್ಟರೆ ಹೊಳೆ ತುಂಬಿದ್ದಕ್ಕೇ ಆಕೆ ಹೋಗಲಿಲ್ಲ ಎಂಬ ಅನುಮಾನ ಓದುಗರಿಗೆ ಬರುತ್ತದೆ, ನಿರ್ಧಾರ ಮಸುಕಾಗುತ್ತದೆ. ಬೇಸಿಗೆ ಇಡಿ, ನೀರು ಮೊಣಕಾಲಿನಷ್ಟು ಇರಲಿ.

ಗಂಗಾಂಬಿಕೆಯನ್ನು ತಂಗಡಗಿಗೆ ತರಬೇಡಿ, ಕೆಲವರು ಇಬ್ಬರನ್ನೂ ಒಂದೇ ದೃಶ್ಯದಲ್ಲಿ ಮುಗಿಸುತ್ತಾರೆ. ಆಕೆಯ ಐಕ್ಯಸ್ಥಳ ಮಲಪ್ರಭೆಯ ಒಡಲಲ್ಲಿ, ಎಂ.ಕೆ. ಹುಬ್ಬಳ್ಳಿಯಲ್ಲಿ; ಬೆನ್ನಟ್ಟಿದ ಸೈನ್ಯದ ಜೊತೆ ಶರಣರು ಮಾಡಿದ ಕಾದರವಳ್ಳಿಯ ಕಾಳಗದ ನಂತರ, ಅವರು ಹೊರಟ ಉಳವಿಯ ದಾರಿಯಲ್ಲಿ. ಕಲ್ಯಾಣದಿಂದ ಅದು 300 ಕಿ.ಮೀ.ಗಿಂತ ದೂರ. ಇಬ್ಬರೂ ಬೇರೆಯಾಗುವುದು ಕಲ್ಯಾಣದ ಬಾಗಿಲಲ್ಲೇ, ಆ ಬೀಳ್ಕೊಡುಗೆ ನಿಮ್ಮ ಕರಡಿನಲ್ಲಿ ಇಲ್ಲದಿದ್ದರೆ ಬರೆಯಿರಿ. ಇನ್ನು ಅಪ್ಪಣ್ಣನ ಹೆಂಡತಿ ಲಿಂಗಮ್ಮನೂ ವಚನಕಾರ್ತಿ, ಅಂಕಿತ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ನೀಲಮ್ಮ ಬರುವುದಿಲ್ಲ ಎಂಬ ಮಾತನ್ನು ಸಂಗಮಕ್ಕೆ ಒಯ್ಯಬೇಕಾದವನು ಅಪ್ಪಣ್ಣ. ಏನೆಂದು ಹೇಳಬೇಕು ಎಂಬುದನ್ನು ಅವನಿಗೆ ಲಿಂಗಮ್ಮ ಕಲಿಸಿಕೊಡಲಿ.